ಕಂಬಳಿಯ ಕೆಳಗೆ ಮಲಗಿಸಿದ ಕೋಲುಗಳು

ಮಾನ್ಯ ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರೇ,

ಹೋದ ವರ್ಷ ನಮ್ಮೂರ ಮಕ್ಕಳ ಹಬ್ಬದಲ್ಲಿ ನಿಮ್ಮ ಪೊಲೀಸರು ನಾಟಕ ಆಡುತ್ತಿದ್ದ ಮಕ್ಕಳನ್ನು ಲಾಠಿಯಿಂದ ಬಡಿದರು. ಬಡಿದವರ ಮೇಲೆ ಕೇಸಿಲ್ಲ. ಹಬ್ಬ ಮಾಡಿಸಿದ ರಾಘಣ್ಣ ಮೇಷ್ಟ್ರ ಮೇಲೆ ಇದೆ, ಮಾರಣಾಯುಧ ಕೂಡಿಟ್ಟರೆಂದು. ಆ ಆಯುಧಗಳ ಕಾವಲಿಗೆ ಕುಳಿತವಳೆಂದು ನನ್ನ ಹೆಸರೂ ಇದೆ. ನಾನು ಠಾಣೆಗೆ ಬಂದು ಕನ್ನಡದಲ್ಲಿ ಬಾಯಿಮಾತಲ್ಲಿ ಹೇಳಿದೆ, ಇದು ಆಂಧ್ರ, ತೆಲುಗಿನಲ್ಲಿ ಬರೆಸಿಕೊಂಡು ಬಾ ಎಂದಿರಿ. ಬರೆಸಿಕೊಂಡು ಬಂದೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರು. ನಿಮ್ಮ ಊಟ ಇನ್ನೂ ಮುಗಿದಂತಿಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿಮರಿ ಹಿಡಿದ ಕೈಯಿಂದ ಈಗ ಪೇಪರಿಗೇ ಬರೆಯುತ್ತಿದ್ದೇನೆ. ಕೈ ತೊಳೆಯುವಾಗಲಾದರೂ ಯಾರಾದರೂ ನಿಮಗೆ ಓದಿ ಹೇಳಲಿ.

ನಮ್ಮೂರಿನಲ್ಲಿ ಎರಡು ಪಾರ್ಟಿ ಇರುವುದು ನಿಮಗೆ ಗೊತ್ತು. ಆದೋನಿ ಬಸ್ಸಿನಲ್ಲಿ ಮೇಲುಗೇರಿಯವರು ಮುಂದೆ ಕೂರುತ್ತಾರೆ, ಕೆಳಗೇರಿಯವರು ಹಿಂದೆ. ನಡುವಿನ ಸೀಟುಗಳಲ್ಲಿ ಕೋಳಿ ಬುಟ್ಟಿ. ಜಗಳ ಹುಟ್ಟಿದ್ದು ಕುರಿ ಹಾಯುವ ದಾರಿಯಿಂದ. ಆ ದಾರಿಗಾಗಿ ಎದುರು ಕೇರಿಯ ಯರ್ರೆಪ್ಪನ ಅಣ್ಣ ನನ್ನ ಗಂಡನ ತಲೆಯನ್ನು ಬಾವಿಯ ಹತ್ತಿರ ಕೋಲಿನಿಂದ ಒಡೆದ. ರೊಟ್ಟಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಆ ಹಿಟ್ಟು ನೆತ್ತರಿನಲ್ಲಿ ಕಲಸಿ ಕೈಗೆ ಕಚ್ಚಿಕೊಂಡಿತು. ಆಮೇಲೆ ನಮ್ಮ ಕಡೆಯವರು ಆ ಅಣ್ಣನನ್ನು ಹತ್ತಿ ಹೊಲದಲ್ಲಿ ಕಡಿದು ಹಾಕಿದರು. ಅಲ್ಲಿಗೆ ಎರಡೂ ಮನೆಯ ಹೆಂಗಸರ ಹಣೆ ಬರಿದಾಯಿತು. ದಾರಿ ಮಾತ್ರ ಇದ್ದಲ್ಲೇ ಇದೆ. ಆಗ ನಿಮ್ಮ ಠಾಣೆ ಎಲ್ಲಿತ್ತು ಸಾಹೇಬರೇ? ಅದೂ ಇದ್ದಲ್ಲೇ ಇತ್ತು.

ನೀವು ಮಾಡದ್ದನ್ನು ಮಾಡಲು ನಮ್ಮಲ್ಲೊಂದು ರೂಢಿ ಇದೆ. ಮದುವೆಯೋ ಪಂಚಾಯಿತಿಯೋ, ಎರಡೂ ಕೇರಿ ಒಂದು ಕಡೆ ಸೇರಬೇಕಾದರೆ ಗಂಡಸರು ಮೊದಲು ಕೋಲುಗಳನ್ನು ತಂದು ನೆಲದ ಮೇಲೆ ಮಲಗಿಸುತ್ತಾರೆ. ಜಗಳದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಕಂಬಳಿಯನ್ನು ಅವುಗಳ ಮೇಲೆ ಹೊದಿಸಿ ಕೂರುತ್ತಾಳೆ. ಅವಳು ಏಳುವವರೆಗೆ ಯಾರೂ ಕೋಲು ಮುಟ್ಟುವಂತಿಲ್ಲ. ಮುಟ್ಟಿದವನು ಹೆತ್ತ ತಾಯಿಯ ಸೆರಗು ಎಳೆದವನಿಗೆ ಸಮ. ಇದಕ್ಕೆ ಕಾಗದವಿಲ್ಲ, ಸೀಲು ಇಲ್ಲ. ಆದರೆ ನಿಮ್ಮ ಯಾವ ಸೆಕ್ಷನ್ನೂ ನಮ್ಮೂರಿನಲ್ಲಿ ಇಷ್ಟು ನಡೆದಿಲ್ಲ.

ರಾಘಣ್ಣ ಮೇಷ್ಟ್ರು ಮಡಿವಂತರ ಮನೆಯವರು. ಎರಡೂ ಕೇರಿಯ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಕಥೆ ಬರೆಸಿದರು, ಪದ್ಯ ಕಟ್ಟಿಸಿದರು. ಮಕ್ಕಳು ಕೆಮ್ಮಣ್ಣು, ಇದ್ದಿಲು, ಸೊಪ್ಪಿನ ರಸದಲ್ಲಿ ಚಿತ್ರ ಬರೆದು ಶಾಲೆಯ ಮುಂದೆ ಉಣ್ಣೆ ಹುರಿಗೆ ನೇತುಹಾಕಿದ್ದರು. ಒಂದು ಹುಡುಗಿ ಸತ್ತ ಮೇಕೆಯ ಮೇಲೆ ಪದ್ಯ ಓದಿದಳು. ಅಪ್ಪ ಆ ಮೇಕೆಯನ್ನು ಮಾರಿದ್ದಾನೆ, ಸತ್ತಿಲ್ಲ ಎಂದು ಅವಳ ತಮ್ಮ ನಡುವೆಯೇ ಎದ್ದು ಹೇಳಿದ. ಜನ ನಕ್ಕರು. ಮೇಲುಗೇರಿಯವರೂ ಕೆಳಗೇರಿಯವರೂ ಒಂದೇ ಮಾತಿಗೆ ನಕ್ಕದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು. ಕೋಲುಗಳೆಲ್ಲ ನನ್ನ ಕಂಬಳಿಯ ಕೆಳಗೆ ಇದ್ದವು. ನಾನು ಮೇಲೆ ಕುಳಿತಿದ್ದೆ.

ಬಂದೋಬಸ್ತಿಗೆಂದು ನೀವು ಕಳಿಸಿದ ಪೊಲೀಸರು ಆಗಲೇ ಬಂದಿದ್ದರು. ಅವರ ಹೆಡ್ ಕಾನ್‌ಸ್ಟೇಬಲ್ಲನಿಗೆ ಹೇಳಿದೆ: "ಜಗಳ ಮಲಗಿಸೀವಿ ಸಾಬ್. ನಿಮ್ಮ ಲಾಠೀನೂ ಇಲ್ಲೇ ಇಡ್ರಿ."

"ಸರ್ಕಾರಿ ಲಾಠಿ ನಿದ್ದಿ ಮಾಡಂಗಿಲ್ಲ ಮುಸಲಮ್ಮಾ" ಎಂದ. ಮುದುಕಿ ಎನ್ನಲು ಅವನ ತೆಲುಗು ಮಾತು ಅದು.

ಲಾಠಿ ನಿದ್ದೆ ಮಾಡಲಿಲ್ಲ ನಿಜ. ಲಾಠಿಯವರು ಮಾಡಿದರು. ನಮ್ಮ ಊಟ ಉಂಡು, ಬೇವಿನ ಮರದ ಕೆಳಗೆ ಟೋಪಿ ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆದರು. ಅಷ್ಟರಲ್ಲಿ ನಾಟಕ ಶುರುವಾಯಿತು. ಅದನ್ನು ಬರೆದವಳು ನನ್ನ ಮೊಮ್ಮಗಳು ಗಂಗಿ. ಕುರಿದಾರಿಗಾಗಿ ಎರಡು ಕೇರಿಯವರು ಹೊಡೆದಾಡುವುದು, ಕೊನೆಗೆ ಹೆಣದ ಮುಂದೆ ಎರಡೂ ಕಡೆಯವರು ನಿಂತು ಇದು ಯಾರ ಹೆಣ ಎಂದು ಕೇಳಿಕೊಳ್ಳುವುದು. ಹೊಡೆಯಲು ಜೋಳದ ದಂಟು. ನೆತ್ತರಿಗೆ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು. ಹೆಣವಾಗಿದ್ದವನು ಯರ್ರೆಪ್ಪನ ಮಗ ಚಿನ್ನಪ್ಪ. ಅವನ ದೊಡ್ಡಪ್ಪನೇ ನನ್ನ ಗಂಡನನ್ನು ಕೊಂದವನು. ನನ್ನ ಗಂಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಂದರಪ್ಪೋ ಎಂದು ಕೂಗಬೇಕಿತ್ತು. ಕೂಗಿದಳು. ಚೆನ್ನಾಗಿಯೇ ಕೂಗಿದಳು, ಅದೇ ತಪ್ಪಾಯಿತು.

ಮರದ ಕೆಳಗಿನವರು ಕಣ್ಣು ಬಿಟ್ಟರು. ಕೆಂಪು ಕಂಡಿತು, ಕೈಯಲ್ಲಿ ದಂಟು ಹಿಡಿದವರು ಕಂಡರು. ಹಿಡಿದವರ ಎತ್ತರ ಕಾಣಲಿಲ್ಲವೇ? ತಾಯಂದಿರು ನಾಟಕ ಸಾಬ್, ನಾಟಕ ಎಂದು ಎರಡು ಭಾಷೆಯಲ್ಲಿ ಕೂಗಿದ್ದು ಯಾವ ಕಿವಿಗೂ ಬೀಳಲಿಲ್ಲವೇ? ಒಬ್ಬ ಚಿನ್ನಪ್ಪನ ಹಣೆಗೆ ಹೊಡೆದ. ಸತ್ತಂತೆ ಮಲಗಿದ್ದ ಹುಡುಗ ಎದ್ದು ಕೂತು, ಹಣೆಯಿಂದ ಬಾಯಿಗೆ ಇಳಿದ ಉಪ್ಪು ಕೆಂಪನ್ನು ನಾಲಿಗೆಯಿಂದ ನೋಡಿ, ಆಮೇಲೆ ಅತ್ತ. ಇನ್ನೊಬ್ಬನ ಏಟಿಗೆ ಗಂಗಿ ಕೈ ಅಡ್ಡ ಹಿಡಿದಳು. ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಚಿತ್ರಗಳ ಮೇಲೆ ಬೂಟು ಓಡಾಡಿದವು. ಬಿದ್ದ ಮಕ್ಕಳ ಬೆನ್ನ ಮೇಲೂ ಬಿದ್ದವು ಏಟು. ಯಾವುದು ಬಣ್ಣ, ಯಾವುದು ನೆತ್ತರು ಎಂದು ನಮಗೆ ತಿಳಿದದ್ದು ತೊಳೆದ ಮೇಲೆ.

ಈಗ ಕಿವಿಗೊಟ್ಟು ಕೇಳಿ. ಎರಡೂ ಕೇರಿಯ ಗಂಡಸರು ಒಟ್ಟಿಗೆ ನನ್ನ ಕಡೆ ಓಡಿ ಬಂದರು. ಎಲ್ಲರ ಮುಂದೆ ಯರ್ರೆಪ್ಪ.

"ಏಳಬೇ ಅವ್ವಾ. ನನ್ನ ಮಗನ್ನ ಬಡಿಯಾಕ ಹತ್ಯಾರ, ಏಳು."

"ನನ್ನ ಗಂಗೀನೂ ಅಲ್ಲೇ ಅದಾಳ. ಬರಿಗೈಲೆ ಹೋಗು, ಹುಡುಗರನ್ನ ಎತ್ತಿಕೊಂಡು ಬಾ."

"ಏಳವ್ವಾ, ನಿನ್ನ ಕಾಲಿಗಿ ಬೀಳತೀನಿ."

ನಾನು ಏಳಲಿಲ್ಲ. ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ನನ್ನ ಗಂಡನ ತಲೆ ಒಡೆದ ಮನೆಯವನು ನನ್ನ ಕಾಲು ಹಿಡಿದು ಅತ್ತ, ಕಂಬಳಿ ಮುಟ್ಟಲಿಲ್ಲ. ಬರಿಗೈಯಲ್ಲೇ ಹೋಗಿ ಮಕ್ಕಳ ಮೇಲೆ ಬೋರಲು ಬಿದ್ದು, ಏಟುಗಳನ್ನು ಬೆನ್ನಿಗೆ ತಿಂದ. ಅವನ ಹಿಂದೆ ಮಿಕ್ಕವರೂ ಹೋದರು. ಅಂದು ನಾನು ಒಂದು ಗಳಿಗೆ ಎದ್ದಿದ್ದರೆ, ನಿಮ್ಮ ಪೊಲೀಸರ ಹೆಂಡಂದಿರು ಈಗ ನನ್ನ ಹಾಗೆ ಬರಿ ಹಣೆಯಲ್ಲಿ ಇರುತ್ತಿದ್ದರು.

ಆಮೇಲೆ ನೀವು ಜೀಪಿನಲ್ಲಿ ಬಂದಿರಿ. ನನ್ನನ್ನು ಪಕ್ಕಕ್ಕೆ ಎಳೆಸಿ ಬೂಟಿನ ತುದಿಯಿಂದ ಕಂಬಳಿ ಎತ್ತಿದಿರಿ. ಎರಡು ಪಾರ್ಟಿಗಳು ಹೊಡೆದಾಡಬಾರದೆಂದು ತಾವಾಗಿ ಇಟ್ಟ ಕೋಲುಗಳನ್ನು, ಹೊಡೆದಾಡಲು ಬಚ್ಚಿಟ್ಟವು ಎಂದು ಹೊರೆ ಕಟ್ಟಿಸಿದಿರಿ. ಅಪಾರ ಬುದ್ಧಿ ಸಾಹೇಬರೇ. ಬೆಂಕಿ ಆರಿಸಲು ಇಟ್ಟ ನೀರಿನ ಗಡಿಗೆಯನ್ನು ಕಂಡು, ಮನೆಗೆ ಬೆಂಕಿ ಇಡಲು ತಂದದ್ದು ಎಂದ ಹಾಗಾಯಿತು. ಒಂದು ಬಾಂಬಿಲ್ಲ, ಒಂದು ಕತ್ತಿಯಿಲ್ಲ. ಕುರಿ ಕಾಯುವ ಕೋಲು ಮಾರಣಾಯುಧವಾದರೆ ಮಗುವಿನ ಕೈ ಮುರಿದ ಲಾಠಿಯನ್ನು ಏನೆನ್ನಬೇಕು? ಅದು ಇನ್ನೂ ನಿಮ್ಮ ಠಾಣೆಯ ಗೋಡೆಗೆ ಒರಗಿ ನಿಂತಿದೆ. ನಾನು ಬಂದಾಗ ನೋಡಿದೆ, ಎಣ್ಣೆ ಸವರಿದ್ದಿರಿ.

ಗಂಗಿಯ ಕೈ ಸೊಟ್ಟಗೆ ಕೂಡಿದೆ. ಅದಕ್ಕೆ ನಾನು ಅತ್ತಾಯಿತು. ಈಗ ನನಗೆ ಇರುವ ಭಯ ಬೇರೆ. ಶಿವರಾತ್ರಿ ಕಳೆದ ಮೇಲೆ ಮತ್ತೆ ಹಬ್ಬ ಮಾಡಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಮೇಷ್ಟ್ರೂ ಒಪ್ಪಿದ್ದಾರೆ. ಆದರೆ ಗಂಡಸರು ಹೊಸ ಕೋಲು ಕಡಿದುಕೊಂಡಿದ್ದಾರೆ, ಇಡುವುದಿಲ್ಲ ಎನ್ನುತ್ತಾರೆ. ಇಟ್ಟವರ ಗತಿ ನೋಡಿದೆವಲ್ಲ, ಇಡದಿದ್ದರೆ ಕೇಸಾದರೂ ಇರುತ್ತಿರಲಿಲ್ಲ ಎನ್ನುತ್ತಾರೆ. ಅವರಿಗೆ ಏನು ಉತ್ತರ ಕೊಡಲಿ? ನಮ್ಮ ಹೆಂಗಸರು ತಲೆಮಾರುಗಳಿಂದ ಕಾಪಾಡಿದ್ದನ್ನು ನೀವು ಒಂದು ಬೂಟಿನ ತುದಿಯಿಂದ ಕೆಡವಿದಿರಿ. ಕೇರಿಯಲ್ಲಿ ಮಕ್ಕಳ ಆಟವೂ ಬದಲಾಗಿದೆ. ಮೊದಲು ಹೊಡೆಯುವವನ ವೇಷಕ್ಕೆ ಯಾರೂ ಸಿಗುತ್ತಿರಲಿಲ್ಲ, ಮೇಷ್ಟ್ರು ಬೇಡಿಕೊಳ್ಳಬೇಕಿತ್ತು. ಈಗ ಎಲ್ಲರಿಗೂ ಪೊಲೀಸ್ ವೇಷವೇ ಬೇಕು.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಮೇಷ್ಟ್ರ ಮೇಲಿನ ಕೇಸು ತೆಗೆಯಿರಿ. ಬಡಿದವರ ಮೇಲೆ ಹಾಕಿರಿ. ಹಬ್ಬದ ದಿನ ಆ ಕೋಲಿನ ಹೊರೆಯನ್ನು ಪೊಲೀಸರಿಂದ ಹೊರಿಸದೆ ನೀವೇ ಹೊತ್ತು ತಂದು, ಎರಡೂ ಕೇರಿಯವರು ನೋಡುವಂತೆ ನನ್ನ ಮುಂದೆ ಮಲಗಿಸಿರಿ. ನಿಮ್ಮ ಲಾಠಿಯನ್ನೂ ಪಕ್ಕದಲ್ಲಿ ಇಡಿ. ಆಗ ಮಿಕ್ಕವರೂ ಇಡುತ್ತಾರೆ.

ಬರದಿದ್ದರೂ ಹಬ್ಬ ನಡೆಯುತ್ತದೆ. ನಾನೂ ಬಂದು ಕೂರುತ್ತೇನೆ, ನಾಲ್ಕು ಕೋಲು ಬಿದ್ದರೂ ಸರಿ. ಆದರೆ ಮತ್ತೆ ಒಂದು ಮಗುವಿನ ಮೇಲೆ ಲಾಠಿ ಎದ್ದರೆ, ಯರ್ರೆಪ್ಪ ಬಂದು ಏಳವ್ವಾ ಎನ್ನುವವರೆಗೂ ಕಾಯುವುದಿಲ್ಲ. ನಾನೇ ಎದ್ದುಬಿಡುತ್ತೇನೆ.

ಇಂತಿ,
ಕುಳಿತದ್ದೇ ಅಪರಾಧವಾದ ಮುದುಕಿ,
ಉಚ್ಚಮ್ಮ