ಅಡುಗೆಮನೆ ಬಾಗಿಲಿನ ಗೆರೆಗಳು

ಹ್ಯಾಮಿಲ್ಟನ್, ಶುಕ್ರವಾರ

ಪ್ರಿಯ ಡೆವ್ಲಿನ್ ಅವರಿಗೆ,

‘ಸೆಟ್ ಹಾಕೋಕೆ ಗತಿಯಿಲ್ಲದ ಸಣ್ಣ ಸಿನಿಮಾ ಕಂಪನಿ ನಮ್ದು’ ಎಂದು ನಗುತ್ತ ನನ್ನ ಮನೆ ಕೇಳಿದಿರಿ. ಚಿತ್ರೀಕರಣ ಮುಗಿಯಿತು. ಮನೆಯನ್ನು ಮೊದಲಿದ್ದ ಹಾಗೇ ಮಾಡಿಕೊಡಲು ಸೋಮವಾರ ಪೇಂಟರ್ ಬರುತ್ತಾನಂತೆ. ಗೋಡೆಯ ಮೇಲಿನ ಕಾಫಿ ಕಲೆ ಹೋಗಲೇಬೇಕು. ಅಡುಗೆಮನೆ ಬಾಗಿಲಿನ ಚೌಕಟ್ಟನ್ನು ಮಾತ್ರ ಮುಟ್ಟಬೇಡಿ. ಕಥೆಯ ಹುಡುಗಿ ವರ್ಷವರ್ಷವೂ ಬೆಳೆದಂತೆ ತೋರಿಸಲು ನಿಮ್ಮವರು ಅಲ್ಲಿ ಪೆನ್ಸಿಲಿನಿಂದ ಎತ್ತರದ ಗೆರೆಗಳನ್ನು ಎಳೆದು ‘ಟೆಸ್ಸಾ’ ಎಂದು ಬರೆದಿದ್ದಾರೆ.

ನಿನ್ನೆ ಹೀಟರ್ ರಿಪೇರಿಯವನು ಅದನ್ನು ನೋಡಿ, “ಮೊಮ್ಮಗಳಾ ಅಜ್ಜಿ? ಎಷ್ಟು ಬೇಗ ಬೆಳೆದುಬಿಡ್ತಾವೆ!” ಅಂದ.

“ಹೂಂ ಕಣಪ್ಪಾ, ಹೇಳಿದ ಮಾತು ಒಂದೂ ಕೇಳಲ್ಲ,” ಅಂದುಬಿಟ್ಟೆ.

ಗೆರೆ ಒಂಬತ್ತನೇ ವರ್ಷಕ್ಕೆ ನಿಂತಿದೆ. ನಾನು ಮಕ್ಕಳನ್ನು ಬೆಳೆಸಿದವಳಲ್ಲ, ಹತ್ತು ವರ್ಷದ ಹುಡುಗಿ ಎಷ್ಟೆತ್ತರ ಇರುತ್ತಾಳೋ ನನಗೆ ಅಂದಾಜಿಲ್ಲ. ಮಕ್ಕಳಿರುವ ಪೇಂಟರನ್ನೇ ಕಳಿಸಿ. ಪೆನ್ಸಿಲ್ ನನ್ನ ಹತ್ತಿರ ಇದೆ.

ಇಂತಿ,
ಡೋರೀನ್ ಮಕಾಲಿ