ಆಚೆ ಬದಿಯ ಚಕ್ರ

ಮಾರ್ಚ್ 9, ಭಾನುವಾರ

ಇವತ್ತೂ ಅದೇ. ಆಸ್ಪತ್ರೆ, ಸೂಪು. ಡ್ವೈನನ ಗಂಟಲಲ್ಲಿ ಎರಡು ಚಮಚ ಇಳಿಯಿತು, ಅಷ್ಟೇ. ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ ಡಾಕ್ಟರು. ಅವನಿಗೆ ಮಾತ್ರ ಒಂದೇ ಗುಂಗು — ಹಳೆಯ ಜೋರು ಇಂಜಿನ್ನಿನ ಕಾರಿನಲ್ಲಿ ಕೂತು ಈರಿ ಸರೋವರದ ದಡಕ್ಕೆ ಒಮ್ಮೆ ಹೋಗಿಬರಬೇಕು. ನಮ್ಮದನ್ನು ಮಾರಿ ಎಷ್ಟೋ ವರ್ಷವಾಯಿತು. ಬೇರೆ ಹುಡುಕುತ್ತೇನೆ ಎಂದೆ.

"ಬಣ್ಣ ನೋಡಿ ಮರುಳಾಗ್ಬೇಡ ಕಣೇ. ಮೊದ್ಲು ಹಿಂದಿನ ಆಕ್ಸಲ್ ಗೇರ್ ಯಾವ್ದು ಅಂತ ಕೇಳು," ಎಂದ.

ರೇಸಿನ ಮೈದಾನದಲ್ಲಿ ಈ ಗಂಡನ ಜೊತೆ ಅರ್ಧ ಆಯುಷ್ಯ ಗ್ರೀಸು ಬಳಿದುಕೊಂಡವಳಿಗೆ ಈ ಬುದ್ಧಿವಾದ. ಸಿಟ್ಟೂ ಬಂತು, ಅಳುವೂ ಬಂತು.

ಮಾರ್ಚ್ 12

ಕಾರು ಸಿಕ್ಕಿತು. ಕ್ರೈಡರ್ ಎಂಬ ರೈತನ ಕೊಟ್ಟಿಗೆಯಲ್ಲಿತ್ತು. ಹಸಿರು ಬಣ್ಣ, ಎರಡು ಬಾಗಿಲು. ದೂರದ ದಾರಿಗೆ ಒಗ್ಗುವ ಹೈವೇ ಗೇರ್ ಎಂದು ಆಣೆ ಹಾಕಿದ. ಓಡಿಸಿ ನೋಡಿದೆ — ಅರವತ್ತು ಮೈಲಿ ವೇಗಕ್ಕೇ ಇಂಜಿನ್ ಕಿರುಚುತ್ತದೆ. ಸೈಲೆನ್ಸರ್ ಸದ್ದು ಎಂದ. ನಾನು ನಕ್ಕೆ. ಕಿರುಚುವುದು ರೇಸಿನ ಗೇರ್... ಕಾಲು ಮೈಲಿಯ ಓಟಕ್ಕೆ ಸರಿ, ಸರೋವರದ ದಾರಿಗಲ್ಲ. ಡ್ವೈನನ ತಲೆ ಈಗ ಬಾಗಿಲು ಮುಚ್ಚಿದ ಸದ್ದನ್ನೂ ತಡೆಯುವುದಿಲ್ಲ.

ಕೊನೆಗೆ ಕ್ರೈಡರ್ ಮೂಟೆಯೊಂದನ್ನು ಎಳೆದು ತಂದ. ಕಾರಿನ ಮೂಲ ಗೇರ್ ಇದೇ ಇರಬೇಕಂತೆ. ಎರಡನ್ನೂ ಕೊಂಡೆ.

ಮಾರ್ಚ್ 14, ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

ಮೊದಲು ಹಳೇ ಗೇರಿನ ಲೆಕ್ಕ ನೋಡಲು ನಮ್ಮ ಗರಾಜಿನಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಜ್ಯಾಕ್ ಹಾಕಿ ಎತ್ತಿದ್ದೆ. ಇದು ಇಬ್ಬರ ಕೆಲಸ. ಒಬ್ಬರು ಆಚೆ ಚಕ್ರವನ್ನು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಈಚೆ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ನಡುವಿನ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ರೇಶಿಯೋ, ಗೇರಿನ ಲೆಕ್ಕ: ನಾಲ್ಕು ದಾಟಿದರೆ ರೇಸಿನದು, ಮೂರರ ಆಸುಪಾಸಾದರೆ ಹೈವೇಯದು. ಹಿಡಿಯದಿದ್ದರೆ ಆಚೆಯದು ಹಿಮ್ಮುಖ ತಿರುಗುತ್ತದೆ, ಶಾಫ್ಟ್ ಸುಮ್ಮನಿರುತ್ತದೆ. ಹಿಡಿಯುವುದು ಯಾವಾಗಲೂ ಡ್ವೈನ್.

ಅಭ್ಯಾಸಬಲ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದೆ, ಕಾರಿನ ಪಕ್ಕ ನೆಲಕ್ಕೆ ಮಲಗಿದೆ, ಈಚೆ ಚಕ್ರ ತಿರುಗಿಸಿದೆ. ನಾಲ್ಕು ಸುತ್ತು, ಮೇಲೊಂದಿಷ್ಟು. ರೇಸಿನ ಗೇರೇ! ಕ್ರೈಡರನಿಗೆ ಬೈದುಕೊಳ್ಳುತ್ತ ಎದ್ದೆ... ಆಗ ಹೊಳೆಯಿತು. ಆಚೆ ಯಾರೂ ಇಲ್ಲ.

ಹೋಗಿ ಆ ಚಕ್ರ ಮುಟ್ಟಿದೆ. ಸಲೀಸಾಗಿ ತಿರುಗಿತು. ಬ್ರೇಕ್ ಕಚ್ಚಿಲ್ಲ. ಮತ್ತೆ ಈಚೆ ಬಂದು ತಿರುಗಿಸಿದೆ. ಆಚೆಯದು ಅಲುಗಲಿಲ್ಲ. ಬಿಸಿಲು ಒಳಗೆ ಬಿದ್ದಿತ್ತು, ಬೀದಿಯಲ್ಲಿ ಅಂಚೆಯವನ ವ್ಯಾನು ನಿಂತಿತ್ತು.

ಮಾರ್ಚ್ 15

ಆಸ್ಪತ್ರೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಡ್ವೈನ್, ನಾಲ್ಕರ ಮೇಲೆ ಚೂರು ತಾನೇ ಎಂದ. ಎಷ್ಟು ಜೋರಾಗಿ ತಿರುಗಿಸುತ್ತೀಯೆ ಎಂದು ಗೊಣಗಿದ. ನರ್ಸ್ ಇಮಾನಿ ನನ್ನನ್ನು ಪಕ್ಕಕ್ಕೆ ಕರೆದಳು.

"ನಿನ್ನೆ ಮಧ್ಯಾಹ್ನ ಇವ್ರ ಅಂಗೈ ಎರಡೂ ಕಪ್ಪಾಗಿತ್ತು ಮೇಡಂ. ಟೈರ್ ಮುಟ್ಟಿದ ಹಾಗೆ. ಹಾಸಿಗೆ ಬಿಟ್ಟು ಎದ್ದೇ ಇಲ್ಲ. ಆಮೇಲಿಂದ ಉಸಿರೂ ಕುಗ್ಗಿಹೋಗಿದೆ."

ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದಳಂತೆ. ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ನಾನೇ ನೋಡಿದೆ.

ಮಾರ್ಚ್ 21

ಬರೆಯಲು ಪುರುಸೊತ್ತಿಲ್ಲ. ಮೂಟೆಯ ಗೇರ್ ಜೋಡಿಸಿದೆ, ಸೊಂಟ ಬಿದ್ದುಹೋಯಿತು. ಗೇರಿನ ಹಲ್ಲು ಎಣಿಸಿಯೇ ಹಾಕಿದ್ದೇನೆ, ಹೈವೇಯದೇ. ಆದರೂ ಕೂಡಿಸಿದ ಮೇಲೆ ತಿರುಗಿಸಿ ನೋಡದೆ ಕಾರು ಇಳಿಸಬಾರದು — ಡ್ವೈನನ ಕಟ್ಟಪ್ಪಣೆ. ತಿರುಗಿಸಿ ನೋಡಿದೆಯಾ ಎಂದು ಇವತ್ತೂ ಕೇಳಿದ. ನಾಳೆ, ಆದರೆ ನೀನು ಬರಬೇಡ ಎಂದೆ. ಅರ್ಥವಾದವನಂತೆ ಗೋಡೆ ನೋಡಿದ.

ಭಾನುವಾರ ಅವನನ್ನು ಒಂದು ಗಂಟೆ ಹೊರಗೆ ಕರೆದೊಯ್ಯಲು ಇಮಾನಿ ಡಾಕ್ಟರನ್ನು ಒಪ್ಪಿಸಿದ್ದಾಳೆ. ಅಲ್ಲಿಯವರೆಗೆ ಅವನ ಶಕ್ತಿ ಒಂದಿಷ್ಟೂ ಸೋರಬಾರದು. ಆಚೆ ಚಕ್ರಕ್ಕೆ ಪಕ್ಕದ ಮನೆಯ ಜೋಲೀನಳನ್ನು ಕರೆದಿದ್ದೇನೆ.

ಮಾರ್ಚ್ 22, ಬೆಳಿಗ್ಗೆ

ಗರಾಜಿನ ಬೆಂಚಿನ ಮೇಲೇ ಬರೆಯುತ್ತಿದ್ದೇನೆ. ಜೋಲೀನ್ ಆಚೆ ಕೂತಳು. ತಿರುಗಿಸಿದೆ. ಮೂರು ಸುತ್ತು, ಮೇಲೆ ಕಾಲಿನಷ್ಟು. ಸರಿಯಾದ ಗೇರ್! ಕುಣಿಯುವಷ್ಟು ಸಂತೋಷವಾಯಿತು.

"ನಡೀನ್, ನಾನಿನ್ನೂ ಹಿಡಿದೇ ಇಲ್ಲ ಕಣೆ. ಕೈಗವಸು ಹಾಕ್ಕೊಳ್ತಿದ್ದೆ," ಎಂದಳು ಜೋಲೀನ್. ಆಮೇಲೆ ಸಣ್ಣ ದನಿಯಲ್ಲಿ, ಎಳೆದರೂ ಈ ಚಕ್ರ ಅಲುಗುತ್ತಿಲ್ಲ ಎಂದಳು.

ಕಾರಿನಡಿ ಬಗ್ಗಿ ನೋಡಿದೆ. ಆಚೆ ಟೈರಿನ ಧೂಳಿನ ಮೇಲೆ ಬೆರಳಚ್ಚು, ಎರಡು ಕೈಯವು. ಬೆರಳು ಒತ್ತಿದಲ್ಲೆಲ್ಲ ರಬ್ಬರು ತಗ್ಗಾಗಿತ್ತು. ಎಷ್ಟು ಬಲ ಹಾಕುತ್ತಿದ್ದಾನೆ ಈ ಹುಚ್ಚ. ನಾಳೆಗೆ ಏನು ಉಳಿಯುತ್ತದೆ?

"ಸಾಕು ಡ್ವೈನ್. ಸರಿಯಾಗಿದೆ. ಬಿಟ್ಟುಬಿಡು," ಎಂದೆ.

ತಗ್ಗು ತುಂಬಿಕೊಂಡಿತು. ನನ್ನ ಕೈ ಈಚೆ ಚಕ್ರದ ಮೇಲೇ ಇತ್ತು, ಸ್ವಲ್ಪ ತಳ್ಳಿದೆ. ಆಚೆಯದು ಹಿಮ್ಮುಖವಾಗಿ, ಹಗುರವಾಗಿ ತಿರುಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಹೇಳಿದ ಮಾತು ಕೇಳಿದ, ಜೀವಮಾನದಲ್ಲಿ ಮೊದಲ ಸಲ. ಈಗ ಮಲಗಿ ಸುಧಾರಿಸಿಕೊಳ್ಳಲಿ. ನಾಳೆ ಹನ್ನೊಂದಕ್ಕೆ ಹೊರಡುವುದು. ಕಂಬಳಿ, ಅವನ ಕೆಂಪು ಟೋಪಿ, ಫ್ಲಾಸ್ಕಿನಲ್ಲಿ

ಒಳಗೆ ಫೋನು. ಜೋಲೀನ್ ಎತ್ತಿದಳು. ಆಸ್ಪತ್ರೆಯಿಂದಂತೆ, ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ. ನನ್ನ ಕಡೆ ತಿರುಗಿ