ಎರಡು ಮನೆಗೆ ಒಂದೇ ಓಣಿ

ಜಂಕ್ಷನ್, ಟೊರೊಂಟೊ
ಸೆಪ್ಟೆಂಬರ್ 20, 1964, ಭಾನುವಾರ

ಪ್ರೀತಿಯ ಚೆನ್ಸು,

ಹೇಗಿದ್ದೀಯ? ಎದೆಯ ಕಫ ಇಳಿಯಿತೆ? ಎಂಜಿನ್ ಕೋಣೆಯ ಕಾವಿನಲ್ಲಿ ಬೆವೆತ ಮೈಯಲ್ಲೇ ಮೇಲೆ ಬಂದು ಗಾಳಿಗೆ ನಿಲ್ಲಬೇಡ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ದೊಡ್ಡ ಸರೋವರದ ಮೇಲೆ ಆಗಲೇ ಚಳಿ ಬಿದ್ದಿರಬೇಕು. ಹೋದ ಸಲ ಕಳಿಸಿದ ಉಣ್ಣೆಯ ಒಳಂಗಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿಡದೆ ಹಾಕಿಕೋ. ನೀವು ಗೋಧಿ ತುಂಬಿಸಲು ಪೋರ್ಟ್ ಆರ್ಥರ್‌ಗೆ ಬರುವ ಹೊತ್ತಿಗೆ ಈ ಕಾಗದ ಅಲ್ಲಿ ಕಾಯುತ್ತಿರುತ್ತದೆ ಎಂದುಕೊಂಡಿದ್ದೇನೆ. ನಿನ್ನ ಅಮ್ಮ ಚೆನ್ನಾಗಿದ್ದಾರೆ. ಮಂಡಿ ನೋವು ಇದ್ದಷ್ಟೇ ಇದೆ, ಬಾಯಿ ಮಾತ್ರ ದಿನದಿನಕ್ಕೆ ಬಲಿಯುತ್ತಿದೆ. ಈ ದೇಶದ ಟೊಮ್ಯಾಟೊ ನೀರಲ್ಲಿ ನೆನೆಸಿದ ಬಟ್ಟೆಯ ಹಾಗಿದೆ ಎಂದು ನಿನ್ನೆಯೂ ತಟ್ಟೆ ತಳ್ಳಿದರು. ನಾನು ಅತ್ತ ತಿರುಗಿದ ಮೇಲೆ ಅಷ್ಟನ್ನೂ ತಿಂದು ಬ್ರೆಡ್ಡಿನಿಂದ ತಟ್ಟೆ ಒರೆಸಿಟ್ಟಿದ್ದರು. ಬಡಗಣ ಗಾಳಿ ಬೀಸಿದರೆ ದನದ ಮಾರುಕಟ್ಟೆಯ ನಾತ ಈಗಲೂ ನೇರ ಅಡುಗೆಮನೆಗೇ ಬರುತ್ತದೆ. ನಾನು ಆರೋಗ್ಯವಾಗಿದ್ದೇನೆ. ನಿದ್ದೆ ಮಾತ್ರ ಸರಿಯಾಗಿಲ್ಲ. ಅದಕ್ಕೆ ಕಾರಣ ನಮ್ಮ ಓಣಿ.

ಫೋನಿನಲ್ಲಿ ಹೇಳಿದರೆ ನೀನು ಹಡಗು ಬಿಟ್ಟು ಓಡಿಬರುತ್ತೀಯೆಂದು ಸುಮ್ಮನಿದ್ದೆ. ಈಗ ಕ್ರಮವಾಗಿ ಬರೆಯುತ್ತೇನೆ, ಸಮಾಧಾನದಿಂದ ಓದು. ತಿಂಗಳ ಮೊದಲ ವಾರ ನಗರಸಭೆಯಿಂದ ನೋಟೀಸು ಬಂತು. ಎರಡು ಮನೆಗಳ ನಡುವಿನ ಜಂಟಿ ಓಣಿ ಉದ್ದಕ್ಕೂ ಎಂಟು ಅಡಿ ತೆರವಾಗಿರಬೇಕು, ಅದರೊಳಗೆ ಏನನ್ನೂ ಕಟ್ಟಬಾರದು, ಗಾಡಿ ನಿಲ್ಲಿಸಬಾರದು, ಅರ್ಧ ನನ್ನದು ಎಂದು ಬೇಲಿ ಹಾಕಬಾರದು, ಹಿಮ ಬಿದ್ದರೆ ಇಬ್ಬರೂ ಸೇರಿ ಎತ್ತಬೇಕು ಎಂದೆಲ್ಲ ಇತ್ತು. ಅದೆಲ್ಲ ಇರಲಿ, ಕೊನೆಯ ಸಾಲನ್ನು ಎರಡು ಸಲ ಓದಿದೆ. ಪಕ್ಕದ ಬಾಗಿಲಿಗೆ ನೀನು ಕಟ್ಟಿದ ಅಗಲ ಮೆಟ್ಟಿಲು ಮತ್ತು ಕೈಗಂಬಿ ಓಣಿಯ ಅಳತೆಯೊಳಗೆ ಬಂದಿವೆಯಂತೆ. ತಿಂಗಳ ಕೊನೆಯೊಳಗೆ ಕಿತ್ತು ಹಾಕಬೇಕು, ಇಲ್ಲದಿದ್ದರೆ ಅವರೇ ಬಂದು ಒಡೆಯುತ್ತಾರೆ. ಮುಂಬಾಗಿಲಿನ ಕಡಿದಾದ ಮೆಟ್ಟಿಲನ್ನು ಅಮ್ಮ ಇಳಿಯಲಾರರು ಎಂದೇ ಅಲ್ಲವೇ ನೀನು ಅದನ್ನು ಕಟ್ಟಿದ್ದು? ಆ ಮೆಟ್ಟಿಲು ಹೋದರೆ ಅವರಿಗೆ ಚರ್ಚೂ ಇಲ್ಲ, ಬೇಕರಿಯೂ ಇಲ್ಲ. ಈ ನಾಲ್ಕು ಗೋಡೆಯೇ ಗತಿ. ಹತ್ತು ವರ್ಷದಿಂದ ಈ ಓಣಿಯಲ್ಲಿ ಎಲ್ಲಿಯವರೆಗೆ ನಮ್ಮದು, ಎಲ್ಲಿಂದ ಅವರದು ಎಂದು ಯಾರೂ ಕೇಳಿರಲಿಲ್ಲ. ಈಗ ಇದ್ದಕ್ಕಿದ್ದಂತೆ ನಗರಸಭೆಗೆ ನಮ್ಮ ಮೆಟ್ಟಿಲು ಕಂಡಿದ್ದು ಹೇಗೆ?

ಯಾರೋ ದೂರು ಕೊಟ್ಟಿದ್ದಾರೆ. ಈ ಓಣಿಗೆ ಇರುವುದು ಎರಡೇ ಮನೆ. ನಾನಲ್ಲ ಅಂದಮೇಲೆ ಪಕ್ಕದ ಮನೆಯ ಪರ್ವಿಸ್ ತಾನೇ? ಹಾಗೆಂದು ನನಗೆ ನೋಟೀಸು ಬಂದ ಕ್ಷಣವೇ ಅನ್ನಿಸಿಬಿಟ್ಟಿತು. ಅನ್ನಿಸಿದ ಮೇಲೆ ನೋಡಿದ್ದೆಲ್ಲ ಅದಕ್ಕೇ ಸರಿಯಾಗಿ ಕೂರತೊಡಗಿತು. ಆ ವಾರವೇ ಮುದುಕ ಅಳತೆಯ ಟೇಪು ಹಿಡಿದು ಓಣಿಗೆ ಇಳಿದ. ಕುಂಟುಕಾಲು ಎಳೆದುಕೊಂಡು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಅಲ್ಲಲ್ಲಿ ಬಗ್ಗಿ ಸೀಮೆಸುಣ್ಣದ ಗೆರೆ ಎಳೆದ. ನಮ್ಮ ಮೆಟ್ಟಿಲ ಮುಂದೆ ಬಹಳ ಹೊತ್ತು ನಿಂತು ತಲೆಯಾಡಿಸಿದ. ನಾನು ಪರದೆಯ ಸಂದಿಯಿಂದ ನೋಡುತ್ತಲೇ ಇದ್ದೆ. ಮೊದಲೆಲ್ಲ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದವನು ಈಗ ನಮ್ಮ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ಎದುರು ಸಿಕ್ಕರೆ ಟೋಪಿ ಮುಟ್ಟಿ, ಆಕಾಶ ನೋಡಿಕೊಂಡು ಹೋಗುತ್ತಿದ್ದ. ತಪ್ಪು ಮಾಡಿದವನಲ್ಲದೆ ಇನ್ಯಾರು ಹೀಗೆ ಮುಖ ತಪ್ಪಿಸುತ್ತಾರೆ, ನೀನೇ ಹೇಳು. ಬೇಕರಿಯ ಮರ್ಚೆಡಳಿಗೆ ಹೇಳಿದೆ. ಅವಳು ಪಾಸ್ತಿತ್ಸಿ ಕಡುಬಿಗೆ ಗಿಣ್ಣು ತುಂಬುತ್ತಿದ್ದವಳು ಕೈ ನಿಲ್ಲಿಸಿ, "ಅಯ್ಯೋ ಹುಚ್ಚೀ, ಇನ್ನೂ ಗೊತ್ತಾಗ್ಲಿಲ್ವಾ? ಮನೆ ಮಾರೋಕೆ ಹೊರಟಿದಾನೆ. ಓಣಿ ಖಾಲಿ ಇದ್ರೆ ಒಳ್ಳೆ ಗಿರಾಕಿ ಬರ್ತಾರೆ ಅಂತ ನಿಮ್ಮ ಮೆಟ್ಟಿಲಿಗೆ ಕಣ್ಣು ಹಾಕಿದಾನೆ" ಅಂದಳು. ಅದೂ ಸರಿಯಾಗಿ ಕೂತಿತು.

ಅವನ ಗ್ಯಾರೇಜಿನ ಚಾವಣಿ ಮಾರ್ಚ್ ತಿಂಗಳ ಹಿಮಕ್ಕೆ ಕುಸಿದ ಮೇಲೆ ಆ ಹಳೇ ಹಸಿರು ಪ್ಲಿಮತ್ ಕಾರು ಓಣಿಯಲ್ಲೇ, ನಮ್ಮ ಪಕ್ಕದ ಬಾಗಿಲ ಹತ್ತಿರವೇ ನಿಲ್ಲುತ್ತಿತ್ತಲ್ಲ. ನನ್ನ ಮೆಟ್ಟಿಲು ಅಡ್ಡವಾದರೆ ಇವನ ಕಾರು ಅಡ್ಡವಲ್ಲವೇ ಎಂದು ನನಗೂ ರೇಗಿತು. ತುಳಸಿಯಂಥ ನಮ್ಮ ಅಡುಗೆ ಸೊಪ್ಪು ಬೆಳೆಸಿದ ದೊಡ್ಡ ಡಬ್ಬಗಳನ್ನೆಲ್ಲ ಎಳೆದು ತಂದು ಕಾರಿನ ಹಿಂದೆ ಓಣಿಯ ಅಡ್ಡಕ್ಕೆ ಸಾಲಾಗಿ ಇಟ್ಟೆ. ಮರುದಿನ ಅವನು ಕಾರು ತೆಗೆಯಲು ಬಂದ, ಡಬ್ಬಗಳನ್ನು ನೋಡಿದ, ನಮ್ಮ ಕಿಟಕಿ ನೋಡಿದ. ಕೋಲು ಊರಿಕೊಂಡು ಟ್ರಾಮಿನ ಕಡೆಗೆ ನಡೆದುಹೋದ. ಕಾಲಿನ ಡಾಕ್ಟರ ಹತ್ತಿರ ಹೋಗುವ ದಿನವಂತೆ ಅದು, ಆಮೇಲೆ ಗೊತ್ತಾಯಿತು. ಆವತ್ತು ಮಾತ್ರ ನನಗೆ ಗೆದ್ದಷ್ಟು ಖುಷಿಯಾಗಿತ್ತು.

ಹೋದ ಭಾನುವಾರ ನಾನೂ ಅಮ್ಮನೂ ಪೂಜೆ ಮುಗಿಸಿ ಚರ್ಚಿನಿಂದ ಬರುತ್ತಿದ್ದೇವೆ, ಓಣಿಯಲ್ಲಿ ಕತ್ತರಿಯ ಸದ್ದು. ಅವನ ಹೆಂಡತಿ ಎನಿಡ್ ನೆಟ್ಟು ಗೋಡೆಗೆ ಹಬ್ಬಿಸಿದ ಗುಲಾಬಿ ಬಳ್ಳಿಯಿತ್ತಲ್ಲ, ಬೇಸಿಗೆಯಲ್ಲಿ ನಮ್ಮ ಕಿಟಕಿಯವರೆಗೆ ಘಮ ಬರುತ್ತಿದ್ದದ್ದು, ಅದನ್ನು ಬುಡಮಟ್ಟ ಕಡಿದು ಹಾಕುತ್ತಿದ್ದ. ಮರದ ಚೌಕಟ್ಟನ್ನೂ ಕಿತ್ತು ಒರಗಿಸಿದ್ದ. ಸತ್ತ ಹೆಂಡತಿಯ ಗಿಡವನ್ನೇ ಕಡಿಯುವವನು ನನ್ನ ಮೆಟ್ಟಿಲು ಬಿಟ್ಟಾನೆಯೇ! ನನಗೆ ತಡೆಯಲಾಗಲಿಲ್ಲ. ಚರ್ಚಿನಿಂದ ಬರುತ್ತಿದ್ದ ನಮ್ಮ ದ್ವೀಪದವರೆಲ್ಲ ಪಾದಚಾರಿ ದಾರಿಯಲ್ಲಿ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಕೂಗಿದೆ. "ಏನ್ ಮಿಸ್ಟರ್ ಪರ್ವಿಸ್, ನಿಮ್ಮ ಪಾಲಿಂದು ಸಾಲದಾಯ್ತಾ? ನಮ್ಮ ಮೆಟ್ಟಿಲೂ ಬೇಕಾಯ್ತಾ? ಎಂಬತ್ತು ದಾಟಿದ ಮುದುಕಿ ಕಿಟಕಿಯಿಂದ ಹಾರ್ಕೊಂಡು ಪೂಜೆಗೆ ಹೋಗ್ಬೇಕಾ? ದೂರು ಕೊಡೋಕೆ ಮುಂಚೆ ಒಂದು ಮಾತು ಕೇಳೋಕೆ ನಿಮಗೆ ಬಾಯಿರ್ಲಿಲ್ವಾ?"

ಪರ್ವಿಸರ ಕೈಯಿಂದ ಕತ್ತರಿ ಜಾರಿತು. ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. "ನಾನಾ? ನಾನು ದೂರು ಕೊಟ್ನಾ? ಕೊಟ್ಟಿದ್ದು ನೀವು! ಹತ್ತು ದಿನದಿಂದ ಹಲ್ಲು ಕಚ್ಕೊಂಡು ಸುಮ್ನಿದೀನಿ. ಕಾರು ಎತ್ತು, ಗುಲಾಬಿ ತೆಗಿ ಅಂತ ನನಗೂ ಬಂದಿದೆ ನೋಟೀಸು! ಹೇಳಿದ್ರೆ ನಾನೇ ತೆಗೀತಿರ್ಲಿಲ್ವಾ ಮಿಸೆಸ್ ಜೂಝಾ? ಅದಕ್ಕೆ ನಗರಸಭೆಯವರೇ ಬೇಕಾಯ್ತಾ ನಿಮಗೆ?" ಅಂದವರೇ ಅಂಗಿಯ ಜೇಬಿನಿಂದ ನೋಟೀಸು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ನಮಗೆ ಬಂದದ್ದರ ಹಾಗೆಯೇ ಇತ್ತು, ತಾರೀಖು ಕೂಡ ಅದೇ. ಅಷ್ಟರಲ್ಲಿ ಅಮ್ಮ ಕೈಗಂಬಿ ಹಿಡಿದು ಮೆಟ್ಟಿಲೇರಿ, ನಮ್ಮ ಭಾಷೆಯಲ್ಲಿ, "ಏನಂತೆ ಅವಂದು? ಕೂಗೋದಾದ್ರೆ ಒಳಗೆ ಬಂದು ಕೂತ್ಕೊಂಡು ಕೂಗ್ಲಿ. ನಿಂತ್ಕೊಂಡು ಕೂಗಿದ್ರೆ ಕಾಲು ನೋಯಲ್ವಾ ಅವನಿಗೆ?" ಎಂದು ಹೇಳಿ ಕಾಫಿಗೆ ನೀರಿಟ್ಟರು.

ಅಡುಗೆಮನೆಯಲ್ಲಿ ಕೂತ ಮೇಲೆ ಟೇಪಿನ ವಿಷಯ ಕೇಳಿದೆ. ಅವರು ಬಟ್ಟಲಿನಲ್ಲಿ ಚಮಚ ತಿರುಗಿಸುತ್ತ, "ಸುಳ್ಳು ಯಾಕೆ ಹೇಳ್ಲಿ, ಮೊದ್ಲು ನಿಮ್ಮ ತಪ್ಪು ಹಿಡಿಯೋಕೇ ಅಳೆದೆ. ನಿಮ್ಮ ಮೆಟ್ಟಿಲು ಆಚೆ ಬಂದಿದೆ ಅಂತ ಗೊತ್ತಾಗಿ ಒಂದು ದಿನ ಖುಷಿಯಾಗಿದ್ದೆ. ಆಮೇಲೆ ನೋಡಿದ್ರೆ ನನ್ನ ಗುಲಾಬೀನೂ ಅಷ್ಟೇ ಆಚೆ ಬಂದಿದೆ. ಎರಡೂ ಇದ್ರೆ ಎಂಟಡಿ ಸಿಗಲ್ಲ. ಒಂದು ಹೋದ್ರೆ ಸಿಗುತ್ತೆ" ಅಂದರು. ಅದಕ್ಕೆ ಗುಲಾಬಿ ಕಡಿದಿರಾ ಎಂದು ಕೇಳಿದರೆ, ಅಮ್ಮನ ಕಡೆ ತಲೆಯಲ್ಲೇ ತೋರಿಸಿ, "ಗುಲಾಬಿಗೆ ಮಂಡಿ ನೋವಿಲ್ವಲ್ಲ" ಅಂದರು. ಇನ್ನೂ ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೇಳಿದ್ದು ಅದು, ಚೆನ್ಸು. ಸಿಟ್ಟಿನಲ್ಲೂ ಆ ಕೆಲಸ ಮಾಡಿದ್ದರು. ನಾನು ಎದ್ದುಹೋಗಿ ಡಬ್ಬಗಳನ್ನೆಲ್ಲ ಹಿತ್ತಲಿಗೆ ಎಳೆದಿಟ್ಟು ಬಂದೆ.

ಆದರೂ ನನ್ನ ಮನಸ್ಸು ಪೂರ್ತಿ ನಂಬಲಿಲ್ಲ ನೋಡು. ಅವರದೂ ನಂಬಿರಲಿಲ್ಲ. ಅವರೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ, ಹಾಗಾದರೆ ಯಾರು? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ ಎಂಬಂತೆ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡೇ ಮಂಗಳವಾರ ಜೊತೆಯಾಗಿ ನಗರಸಭೆಗೆ ಹೋದೆವು. ಟ್ರಾಮಿನಲ್ಲಿ ಅವರು ಮುಂದಿನ ಸೀಟು, ನಾನು ಹಿಂದಿನ ಸೀಟು. ನಮ್ಮ ಬೀದಿಯನ್ನು ನೋಡಿಕೊಳ್ಳುವ ಅಧಿಕಾರಿಯ ಹೆಸರು ಹಾರ್ಗ್ರೀವ್. ಸಾಧು ಮನುಷ್ಯ, ನೆಗಡಿ ಹಿಡಿದಿತ್ತು ಪಾಪ, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದ. ಪರ್ವಿಸ್ ತಮ್ಮ ಅಳತೆಗಳನ್ನೆಲ್ಲ ಹೇಳಿದರು. ಆತ ಮೂಗು ಒರೆಸುತ್ತ ಕೇಳಿ, ಎಂಟಡಿ ನಿಜವಾಗಿ ತೆರವಾಗಿದ್ದರೆ ಮೆಟ್ಟಿಲಿಗೆ ಅಡ್ಡಿಯಿಲ್ಲ, ಬಂದು ನೋಡುತ್ತೇನೆ ಎಂದ. ಆದರೆ ಓಣಿಯಲ್ಲಿ ಗಾಡಿ ಮಾತ್ರ ಕೂಡದು, ಅವರದೂ ಇಲ್ಲ, ನಮ್ಮದೂ ಇಲ್ಲ. ಯಾರೂ ಬೇಲಿ ಹಾಕುವುದಿಲ್ಲ, ಅಡ್ಡಿ ಮಾಡುವುದಿಲ್ಲ ಎಂದು ಎರಡೂ ಮನೆಯವರು ಒಪ್ಪಂದಕ್ಕೆ ರುಜು ಹಾಕಬೇಕು. ಎಲ್ಲ ಮುಗಿದ ಮೇಲೆ, ಈ ದೂರು ಯಾರದು ಸ್ವಾಮೀ ಎಂದು ನಾನು ಕೇಳಿಯೇಬಿಟ್ಟೆ. ಪರ್ವಿಸರದ್ದಲ್ಲ ಎಂದು ಗೊತ್ತಾಯಿತು. ಯಾರದ್ದು ಅನ್ನುವುದನ್ನು ಸದ್ಯಕ್ಕೆ ಬಿಡು.

ಶುಕ್ರವಾರ ಹಾರ್ಗ್ರೀವ್ ಬಂದು ಅಳೆದ. ಅಮ್ಮ ಮೆಟ್ಟಿಲ ಮೇಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಕಿತ್ತರೆ ತನ್ನನ್ನೂ ಕಿತ್ತುಕೊಂಡು ಹೋಗಲಿ ಎಂಬ ಹಾಗೆ. ಆತ ಅವರ ಚಪ್ಪಲಿಯ ತುದಿಯಿಂದ ಆಚೆ ಗೋಡೆಯವರೆಗೆ ಟೇಪು ಹಿಡಿದು, "ಸರಿಯಾಗಿದೆ ಅಜ್ಜಿ, ಕಾಲು ಮಾತ್ರ ಇನ್ನೂ ಮುಂದೆ ಚಾಚ್ಬೇಡಿ" ಅಂದ. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದ್ದೇ ತಡ, ಅವರು ಕಾಲು ಇನ್ನಷ್ಟು ಚಾಚಿದರು. ಮೆಟ್ಟಿಲು ಉಳಿಯಿತು. ಈ ಹೊತ್ತು ಪೂಜೆಗೆ ಅದನ್ನೇ ಇಳಿದು ಹೋಗಿ ಬಂದರು. ಪರ್ವಿಸರ ಕಾರು ಈಗ ಬೀದಿಯಾಚೆ, ಮೂಲೆಯ ಅಂಗಡಿ ದಾಟಿ ನಿಲ್ಲುತ್ತದೆ. ಹತ್ತಿರ ಜಾಗ ಸಿಗುವುದಿಲ್ಲ. ಅಲ್ಲಿಂದ ಕೋಲೂರಿಕೊಂಡು ಬರುವುದನ್ನು ನೋಡುತ್ತೇನೆ. ಒಪ್ಪಂದದ ಕಾಗದ ಇದರ ಜೊತೆಗಿದೆ. ಪರ್ವಿಸ್ ರುಜು ಹಾಕಿದ್ದಾರೆ. ಪಕ್ಕದಲ್ಲಿ ನಿನ್ನದು ಹಾಕಿ, ಹಡಗು ಬಿಡುವ ಮೊದಲೇ ಅಂಚೆಗೆ ಹಾಕು.

ಅಮ್ಮ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿದ್ದೇನೆಂದು ತಿಳಿಸಲು ಹೇಳಿದ್ದಾರೆ. ಹೊಟ್ಟೆ ತುಂಬ ತಿನ್ನು, ಹಡಗಿನ ಅಡುಗೆಯವನು ಮಾಡಿದ್ದನ್ನು ಹೀಗಳೆಯಬೇಡ. ಪಾಪ, ಅವನಿಗೂ ಮನೆ ದೂರ. ಸಂತ ಪೌಲನು ನಿನ್ನನ್ನು ನೀರಿನ ಮೇಲೆ ಕಾಯಲಿ.

ಇಂತಿ ನಿನ್ನ
ಜೂಝಾ

ಲಕೋಟೆಗೆ ಅಂಟು ಹಚ್ಚುವ ಮೊದಲು: ಬಿಡು ಅಂದದ್ದನ್ನು ಬಿಡಲಾಗುತ್ತಿಲ್ಲ. ಹಾರ್ಗ್ರೀವ್ ಹೇಳಿದ್ದು ಇಷ್ಟು: "ದೂರು ಬಂದಿದ್ದು ನಿಮ್ಮ ಮನೆಯಿಂದಾನೇ ಅಲ್ವಾಮ್ಮ. ಯಜಮಾನ್ರೇ ಪೋರ್ಟ್ ಕಾಲ್ಬೋರ್ನ್‌ನಿಂದ ಟ್ರಂಕ್ ಕಾಲ್ ಮಾಡಿದ್ರು. ಪಕ್ಕದವನ ಕಾರು ಹಗಲೂ ರಾತ್ರಿ ನಮ್ಮ ಬಾಗಿಲಲ್ಲೇ ಇರುತ್ತೆ, ಎತ್ತಿಸಿ ಅಂದ್ರು. ಬಂದ್ಮೇಲೆ ಬರೀ ಕಾರು ನೋಡಿ ಹೋಗೋಕಾಗುತ್ತಾ? ಎಲ್ಲಾ ಅಳೆದ್ವಿ." ಈ ಮನೆಗೆ ಯಜಮಾನ ನೀನೊಬ್ಬನೇ, ಚೆನ್ಸು. ಕಾರು ಅಲ್ಲಿ ನಿಲ್ಲುತ್ತದೆ ಎಂದು ನಿನಗೆ ಬರೆದವಳು ನಾನೇ. ಪರ್ವಿಸ್ ಹಿಟ್ಟಿನ ಮೂಟೆ ಒಳಗೆ ತಂದಿಟ್ಟರು, ಸಂಜೆ ಕೂತು ಇಸ್ಪೀಟು ಆಡಿದರು ಎಂದು ನಗುತ್ತ ಬರೆದೆ. ನೀನು ಅದರಲ್ಲಿ ಬೇರೆ ಏನನ್ನೋ ಓದಿಕೊಂಡೆ. ನನ್ನನ್ನು ಕೇಳಬೇಕಾದ ಮಾತನ್ನು ಹೋಗಿ ನಗರಸಭೆಯನ್ನು ಕೇಳಿದೆಯಾ? ನನ್ನನ್ನು ಕೇಳಿದ್ದರೆ ಚೆನ್ನಾಗಿ ಬೈದು ಆಮೇಲೆ ಹೇಳುತ್ತಿದ್ದೆ: ಅವರು ಬರುತ್ತಿದ್ದದ್ದು ನಿನ್ನ ಅಮ್ಮನ ಜೊತೆ ಇಸ್ಪೀಟು ಆಡಲು. ಎನಿಡ್ ಹೋದ ಮೇಲೆ ಆ ಮನೆಯಲ್ಲಿ ಮಾತಿಲ್ಲ. ಇಲ್ಲಿ ಅರ್ಥವಾಗದ ಭಾಷೆಯಲ್ಲಾದರೂ ಒಬ್ಬರು ಬೈಯುತ್ತಾರಲ್ಲ ಎಂದು ಬರುತ್ತಿದ್ದರು. ಹಾರ್ಗ್ರೀವ್ ಹೇಳಿದ್ದನ್ನು ಅವರೂ ಕೇಳಿಸಿಕೊಂಡರು. ನನ್ನ ಮುಖ ನೋಡದೆ ಟೋಪಿಯ ಅಂಚನ್ನೇ ನೋಡುತ್ತ ಕೂತರು. ಈಗ ಓಣಿಯಿಂದಲೇ ಅಮ್ಮನಿಗೆ ಕೈ ಬೀಸಿ ಹೋಗುತ್ತಾರೆ, ಒಳಗೆ ಬರುವುದಿಲ್ಲ. ಅಮ್ಮ ಇಸ್ಪೀಟಿನ ಎಲೆ ಹಂಚಿಟ್ಟುಕೊಂಡು ಕಾಯುತ್ತಾರೆ. ಅಮ್ಮನಿಗೆ ನಾನು ಏನೂ ಹೇಳಿಲ್ಲ. ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟಿ ನೀನು ಊರಿಗೆ ಬಂದಾಗ ಮೊದಲು ಪರ್ವಿಸರ ಬಾಗಿಲು ತಟ್ಟು. ಏನು ಹೇಳುತ್ತೀಯೋ ಹೇಳು, ಅವರನ್ನು ಕರೆದುಕೊಂಡು ನಮ್ಮ ಅಡುಗೆಮನೆಗೆ ಬಾ. ಒಬ್ಬನೇ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.